ಮಕ್ಕಳೊಂದಿಗೆ ಅಂಡಮಾನ್: ಪ್ಯಾಕೇಜಿನ ವೇಳಾಪಟ್ಟಿ ಮತ್ತು ಕಡಲಿನ ವೇಳಾಪಟ್ಟಿ

ಕಳೆದ ಡಿಸೆಂಬರಿನಲ್ಲಿ 8 ವರ್ಷದ ಮಗಳು, 4 ವರ್ಷದ ಮಗ ಹಾಗೂ ಮಂಡಿನೋವಿರುವ ನಮ್ಮ ಅತ್ತೆಯವರೊಂದಿಗೆ 6 ರಾತ್ರಿಗಳ ಅಂಡಮಾನ್ ಪ್ರವಾಸ ಮುಗಿಸಿ ಬಂದೆವು. ಪ್ರವಾಸವನ್ನು ಏಜೆಂಟರೊಬ್ಬರಿಂದ ಪ್ಯಾಕೇಜ್ ರೂಪದಲ್ಲಿ ಕೊಂಡಿದ್ದೆವು. ಕೋಣೆ, ವಾಹನ, ಹಡಗಿನ ಟಿಕೆಟು ಇವುಗಳಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ತೀರಕ್ಕೆ ಎಂದು ಪಟ್ಟಿ ಬರೆದವರು ಕಡಲಿನ ಉಬ್ಬರ ಇಳಿತಗಳನ್ನಾಗಲಿ ಅಲ್ಲಿನ ಸೂರ್ಯನನ್ನಾಗಲಿ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ಮಕ್ಕಳಿರುವ ಕುಟುಂಬಕ್ಕೆ ಈ ಲೋಪವೇ ಎಲ್ಲಕ್ಕಿಂತ ದುಬಾರಿಯಾಗುತ್ತದೆ.

ಇದು ನಮಗೆ ಅರ್ಥವಾದದ್ದು ಶಹೀದ್ ದ್ವೀಪದಲ್ಲಿ. 2018ರ ಡಿಸೆಂಬರಿನಲ್ಲಿ ಹೆಸರು ಬದಲಾಗಿದ್ದರೂ ಜೆಟ್ಟಿಯಲ್ಲಿ ಎಲ್ಲರೂ ಅದನ್ನು ಈಗಲೂ ನೀಲ್ ಎಂದೇ ಕರೆಯುತ್ತಾರೆ. ಪಟ್ಟಿಯ ಪ್ರಕಾರ ಬೆಳಿಗ್ಗೆ 10 ಗಂಟೆಗೆ ಲಕ್ಷ್ಮಣಪುರದ ಎರಡನೆಯ ತೀರದಲ್ಲಿರುವ ಕಲ್ಲಿನ ಕಮಾನು, ಮಧ್ಯಾಹ್ನ ಭರತಪುರದ ತೀರದಲ್ಲಿ ಗಾಜಿನ ತಳದ ದೋಣಿ. ಹತ್ತಕ್ಕೆ ಹೋಗಿ ನೋಡಿದರೆ ಕಮಾನಿಗೆ ಹೋಗುವ ಬಂಡೆಗಳೆಲ್ಲ ನೀರಿನಡಿ ಇದ್ದವು. ಕರಾವಳಿಯಲ್ಲಿ ಹುಟ್ಟಿ ಬೆಳೆದ ಅತ್ತೆಯವರು ದಡದಲ್ಲೇ ನಿಂತು, "ನಿನ್ನೆಯಷ್ಟೇ ಹುಣ್ಣಿಮೆ ಹೋಗಿದೆ, ನೀರು ಹೀಗೇ ಏರುತ್ತದೆ. ಎಷ್ಟು ಏರಿದೆಯೋ ಅಷ್ಟೇ ಇಳಿಯುತ್ತದೆ, ಸಂಜೆ ಬರೋಣ" ಎಂದರು. ವಾಹನದ ಚಾಲಕರೂ ಅದನ್ನೇ ಹೇಳಿದರು. ಏಜೆಂಟರ ಪಟ್ಟಿಯನ್ನು ಪ್ರಶ್ನಿಸುವುದು ತಮ್ಮ ಕೆಲಸವಲ್ಲವೆಂದು ಅಲ್ಲಿಯವರೆಗೆ ಸುಮ್ಮನಿದ್ದರಂತೆ.

ಎರಡನ್ನೂ ಅದಲುಬದಲು ಮಾಡಿದೆವು. ನೀರು ತುಂಬಿದ್ದಾಗಲೇ ಭರತಪುರದಲ್ಲಿ ದೋಣಿ ಹತ್ತಿದ್ದರಿಂದ ತಳದ ಗಾಜಿನ ಕೆಳಗೆ ಹವಳದ ದಿಬ್ಬಗಳು ಮತ್ತು ಮೀನಿನ ಹಿಂಡುಗಳು ಸ್ಪಷ್ಟವಾಗಿ ಕಂಡವು. ನೀರಿಗಿಳಿಯಲಾರದ ಅತ್ತೆಯವರಿಗೂ, ನೀರೊಳಗೆ ನೋಡಲು ಹಾಕುವ ಮುಖವಾಡ ಕಟ್ಟಿಸಿಕೊಳ್ಳಲು ಒಪ್ಪದ ಮಗನಿಗೂ ಕಡಲಿನ ಒಳಗನ್ನು ನೋಡಲು ಸಿಕ್ಕ ದಾರಿ ಇದೊಂದೇ. ಇಳಿತದ ಹೊತ್ತಿನಲ್ಲಿ ಇದೇ ತೀರ ಬರೀ ಕಲ್ಲು ಮತ್ತು ಮೊಣಕಾಲುದ್ದದ ನೀರು.

ಮಧ್ಯಾಹ್ನ ಮೂರೂವರೆಗೆ ಕಮಾನಿನ ಬಳಿ ಮರಳಿದಾಗ ಬೆಳಿಗ್ಗೆ ಕಂಡ ತೀರವೇ ಅದೆಂದು ನಂಬುವುದು ಕಷ್ಟವಾಯಿತು. ನೂರಾರು ಅಡಿ ಅಗಲದ ಹವಳಬಂಡೆ ತೆರೆದುಕೊಂಡು, ಅದರ ಕುಳಿಗಳಲ್ಲಿ ಸಣ್ಣ ಸಣ್ಣ ಕೊಳಗಳು ಉಳಿದಿದ್ದವು. ಸ್ಥಳೀಯ ಮಾರ್ಗದರ್ಶಿಯೊಬ್ಬರು ಒಂದೊಂದು ಕೊಳದ ಬಳಿಯೂ ಮಕ್ಕಳನ್ನು ಕೂರಿಸಿ ಏಡಿ, ನಕ್ಷತ್ರಮೀನು, ಕಪ್ಪಗೆ ಸೌತೆಕಾಯಿಯಂತೆ ಬಿದ್ದಿದ್ದ ಸಮುದ್ರ ಸೌತೆಗಳನ್ನು ತೋರಿಸಿದರು, ಯಾವುದನ್ನೂ ಕೈಗೆತ್ತಿಕೊಡಲಿಲ್ಲ. ಅವರ ಮೇಲೆ ನನಗೆ ಗೌರವ ಮೂಡಿದ್ದು ಆ ಕಾರಣಕ್ಕೆ. ಆರು ದಿನಗಳಲ್ಲಿ ಮಕ್ಕಳು ಗದ್ದಲವಿಲ್ಲದೆ, ಫೋನು ಕೇಳದೆ, ಒಂದೂವರೆ ಗಂಟೆ ಕಳೆದದ್ದು ಇಲ್ಲಿ ಮಾತ್ರ. ಬಂಡೆ ಜಾರುತ್ತದೆ ಮತ್ತು ಚೂಪಾಗಿರುತ್ತದೆ, ಆದ್ದರಿಂದ ಹಿಂಬದಿ ಪಟ್ಟಿಯಿರುವ ಗಟ್ಟಿ ಚಪ್ಪಲಿ ಬೇಕೇ ಬೇಕು. ಮಂಡಿನೋವಿನವರಿಗೆ ಈ ಜಾಗ ಆಗುವುದಿಲ್ಲ. ಅತ್ತೆಯವರು ಮರಳಿನ ಮೇಲೆಯೇ ಕುಳಿತರು. ಬಂಗಾಳದಿಂದ ಬಂದು ನೆಲೆಸಿದವರು ಈ ಕಮಾನಿಗೆ ಹೌರಾ ಸೇತುವೆ ಎಂದು ಹೆಸರಿಟ್ಟಿದ್ದಾರೆ. ದ್ವೀಪದ ಊರುಗಳಿಗೆ ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ ಎಂಬ ಹೆಸರುಗಳಿರುವುದನ್ನು ಕೇಳಿದ ಅತ್ತೆಯವರು, ಶತ್ರುಘ್ನನನ್ನು ಯಾಕೆ ಬಿಟ್ಟರು ಎಂದು ಚಾಲಕರನ್ನು ಕೇಳಿ ನಗಿಸಿದರು.

ಲೆಕ್ಕ ಕಷ್ಟದ್ದೇನಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ 6 ಗಂಟೆಗಿಂತ ತುಸು ಹೆಚ್ಚಿನ ಅಂತರ. ಮರುದಿನಕ್ಕೆ ಎಲ್ಲವೂ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಟಿಕೆಟ್ ಕಾಯ್ದಿರಿಸುವ ಮೊದಲು ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಸೂರ್ಯನದು ಇನ್ನೊಂದು ಲೆಕ್ಕ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿದ್ದರೆ ಈ ದ್ವೀಪಗಳು ಸುಮಾರು 93 ಡಿಗ್ರಿಯಲ್ಲಿವೆ, ಹೀಗಾಗಿ ಅಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 40 ನಿಮಿಷ ಮುಂದೆ. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯಾಸ್ತವಾಗುತ್ತದೆ. "ಸಂಜೆ 4.30: ರಾಧಾನಗರ ತೀರ" ಎಂದು ಬರೆದ ಪಟ್ಟಿ ಮಕ್ಕಳಿಗೆ ಕೊಡುವುದು ಅರ್ಧ ಗಂಟೆಯ ಆಟವನ್ನಷ್ಟೇ.

ಸ್ವರಾಜ್ ದ್ವೀಪದ, ಅಂದರೆ ಹಳೆಯ ಹ್ಯಾವ್‌ಲಾಕ್‌ನ, ಈ ರಾಧಾನಗರ ತೀರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೊಗಳಿತ್ತು. 2020ರಲ್ಲಿ ಅದಕ್ಕೆ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ದೊರೆಯಿತು. ಹೊಗಳಿಕೆಯನ್ನು ಪಕ್ಕಕ್ಕಿಟ್ಟರೂ ಚಿಕ್ಕ ಮಕ್ಕಳಿಗೆ ಇಷ್ಟು ಅನುಕೂಲವಾದ ತೀರ ಅಪರೂಪ. ಮರಳು ನುಣುಪು, ಇಳಿಜಾರು ಮೆಲ್ಲನೆಯದು, ಹಿಂದೆ ಎತ್ತರದ ಮರಗಳ ನೆರಳು, ಬಟ್ಟೆ ಬದಲಿಸಲು ಕೋಣೆಗಳು. ನಾವು ಪಟ್ಟಿ ಬಿಟ್ಟು ಮಧ್ಯಾಹ್ನ ಎರಡಕ್ಕೇ ಹೋದೆವು. ಮಗ ಮೂರು ಗಂಟೆ ಒಂದೇ ಗುಂಡಿ ತೋಡಿದ. ಆದರೆ ಇವು ಉಪ್ಪುನೀರಿನ ಮೊಸಳೆಗಳಿರುವ ದ್ವೀಪಗಳೆಂಬುದನ್ನು ಮರೆಯಬಾರದು. ಎಚ್ಚರಿಕೆಯ ಫಲಕಗಳಿರುವಲ್ಲಿ ನೀರಿಗಿಳಿಯದೆ, ಜೀವರಕ್ಷಕರ ಕಣ್ಣಳತೆಯಲ್ಲೇ ಇರಬೇಕು.

ಇದೇ ದ್ವೀಪದ ಎಲಿಫೆಂಟ್ ಬೀಚ್‌ನ ಸ್ನಾರ್ಕ್ಲಿಂಗ್ (ಮುಖವಾಡ, ಉಸಿರಿನ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು) ಬಗ್ಗೆ ನನ್ನ ಅಭಿಪ್ರಾಯ ಅಷ್ಟು ನೇರವಲ್ಲ. ಈಜು ಬಾರದವರನ್ನೂ ಗಾಳಿ ತುಂಬಿದ ಟ್ಯೂಬಿಗೆ ಹಿಡಿಸಿ ಮಾರ್ಗದರ್ಶಿ ಎಳೆದುಕೊಂಡು ಹೋಗುತ್ತಾರೆ, ಭಯವಿಲ್ಲ. ಆದರೆ ಬಾಡಿಗೆಗೆ ಸಿಕ್ಕ ಮುಖವಾಡ ದೊಡ್ಡವರ ಅಳತೆಯದಾಗಿದ್ದರಿಂದ ಮಗಳ ಮೂಗಿಗೆ ಮತ್ತೆ ಮತ್ತೆ ನೀರು ನುಗ್ಗಿತು. ಮಕ್ಕಳ ಅಳತೆಯ ಮುಖವಾಡವೊಂದನ್ನು ಮನೆಯಿಂದಲೇ ಒಯ್ಯಬೇಕಿತ್ತು. ಕಡಲು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಇಲ್ಲಿ ಹಾಗೆ ದೊಡ್ಡ ಹಾನಿಯಾಗಿತ್ತು. ದಡಕ್ಕೆ ಹತ್ತಿರದ ಹವಳದಲ್ಲಿ ಜಾಹೀರಾತಿನ ಬಣ್ಣಗಳನ್ನು ನಿರೀಕ್ಷಿಸಬಾರದು. ಮೀನುಗಳು ಮಾತ್ರ ನಿರಾಸೆ ಮಾಡಲಿಲ್ಲ. ಅಲ್ಲಿಯೇ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಲ್ಲಿ ಮುಳುಗುವುದನ್ನು, ನಡೆಸುವವರೊಬ್ಬರು ನಮಗೆ, "ನಿಮ್ಮ 8 ವರ್ಷದ ಮಗಳನ್ನೂ ಕಳುಹಿಸಿ, ವಯಸ್ಸು 10 ಎಂದು ಫಾರಂನಲ್ಲಿ ಬರೆದುಕೊಳ್ಳೋಣ" ಎಂದರು. ನಾವು ಎದ್ದು ಬಂದೆವು. ವಯಸ್ಸನ್ನು ತಿದ್ದಲು ತಯಾರಿರುವವರು ಉಸಿರಿನ ಕೊಳವೆಯನ್ನು ಎಷ್ಟು ಜತನದಿಂದ ಪರೀಕ್ಷಿಸಿಯಾರು?

ಜೆಟ್ ಸ್ಕೀ, ಬನಾನಾ ಬೋಟ್‌ಗಳು ಬೇರೆ ಎಷ್ಟೋ ಕಡಲತೀರಗಳಲ್ಲೂ ಸಿಗುತ್ತವೆ. ಅವುಗಳಿಗಾಗಿ ಇಷ್ಟು ದೂರ ಬರಬೇಕಿಲ್ಲ.

ಅತ್ತೆಯವರಿಗೆ ಹಿಡಿಸಿದ್ದು ರಾಸ್ ದ್ವೀಪ, ಈಗಿನ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಇಲ್ಲಿನ ಗೋಡೆಗಳನ್ನು ಈಗ ಮರಗಳ ಬೇರುಗಳೇ ಹಿಡಿದು ನಿಲ್ಲಿಸಿವೆ. ಜಿಂಕೆಗಳು ಹತ್ತಿರಕ್ಕೇ ಬರುತ್ತವೆ. ನಡೆಯಲಾರದವರಿಗೆ ಬ್ಯಾಟರಿ ಗಾಡಿಯಿದೆ. ಸೆಲ್ಯುಲರ್ ಜೈಲಿನ ಧ್ವನಿ-ಬೆಳಕಿನ ಪ್ರದರ್ಶನದಲ್ಲಿ ಮಗ ನಿದ್ದೆಹೋದ. ಮಗಳು ಮಾತ್ರ, ಏಳು ಸಾಲುಗಳಿದ್ದ ಜೈಲಿನಲ್ಲಿ ಮೂರೇ ಏಕೆ ಉಳಿದಿವೆ ಎಂದು ಹೋಟೆಲು ತಲುಪುವವರೆಗೂ ಕೇಳುತ್ತಿದ್ದಳು.

ಹೊರಡುವ ದಿನ ಅವಳ ಚೀಲದ ತಳದಲ್ಲಿ ಹವಳದ ಎರಡು ಚೂರುಗಳು ಸಿಕ್ಕವು. ಸತ್ತ ಹವಳವನ್ನೂ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಸಾಮಾನು ಪರೀಕ್ಷಿಸುವಾಗ ಹಿಡಿಯುತ್ತಾರೆ. ಮೊದಲ ದಿನವೇ ಮಕ್ಕಳಿಗೆ ಇದನ್ನು ಹೇಳಿದ್ದರೆ ಕೊನೆಯ ದಿನದ ಅಳು ತಪ್ಪುತ್ತಿತ್ತು.

ಮತ್ತೆ ಹೋಗುವುದಾದರೆ ನೀಲ್‌ನಲ್ಲಿ ಒಂದರ ಬದಲು ಎರಡು ರಾತ್ರಿ ಇರುತ್ತೇವೆ, ಎರಡು ಇಳಿತಗಳಾದರೂ ಹಗಲಿನಲ್ಲಿ ಸಿಗುವಂತೆ.