ವೆರಾಕ್ರಿಪ್ಟ್ ಜೊತೆ ಎರಡೂವರೆ ವರ್ಷ: ಬೀಗ ಭದ್ರ, ನಕಲು ಮಾತ್ರ ಹಳೆಯದು

ಮೂರು ವರ್ಷಗಳ ಹಿಂದೆ ಮನೆಯ ಕಂಪ್ಯೂಟರ್ ಆನ್ ಆಗದೆ ಹೋದಾಗ ಅದನ್ನು ಮಂಡ್ಯದ ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ವಾಪಸು ತರಲು ಹೋದ ದಿನ ಅಲ್ಲಿದ್ದ ಹುಡುಗ, "ಸಾರ್, ಪಾಂಡವಪುರದ ಹತ್ರ ನಿಮ್ದು ಗದ್ದೆ ಇದ್ಯಲ್ಲ, ಅಲ್ಲಿ ಎಕರೆ ಈಗ ಎಷ್ಟಕ್ಕೆ ಹೋಗ್ತಾ ಇದೆ?" ಎಂದು ಸಹಜವಾಗಿ ಕೇಳಿದ. ಡಿಸ್ಕ್ ಸರಿಯಾಗಿದೆಯೇ ಎಂದು ನೋಡಲು ಅವನು ಕೈಗೆ ಸಿಕ್ಕ ಒಂದು ಫೈಲನ್ನು ತೆರೆದಿದ್ದನಂತೆ. ಅದು ನಾವು ಅಣ್ಣತಮ್ಮಂದಿರು ಮಾಡಿಕೊಂಡ ವಿಭಾಗಪತ್ರದ ಸ್ಕ್ಯಾನ್ ಪ್ರತಿಯಾಗಿತ್ತು. ಅವನ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಪಹಣಿ, ಪಾನ್ ಕಾರ್ಡು, ತಾಯಿಯವರ ಆಸ್ಪತ್ರೆಯ ಕಾಗದಗಳು ಎಲ್ಲವೂ ಅದೇ ಡಿಸ್ಕಿನಲ್ಲಿ ಬಾಗಿಲು ತೆರೆದ ಮನೆಯಂತೆ ಬಿದ್ದಿದ್ದವು ಎಂಬುದು ನನಗೆ ಅಂಗಡಿಯ ಮೆಟ್ಟಿಲ ಮೇಲೆಯೇ ಹೊಳೆಯಿತು.

ಆ ಫೈಲುಗಳಿಗೆ ಬೀಗ ಹಾಕುವ ತಂತ್ರಾಂಶವೊಂದನ್ನು ಆಯ್ಕೆ ಮಾಡಿಕೊಳ್ಳಲು ಆರು ತಿಂಗಳು ಹಿಡಿಯಿತು. ನಮ್ಮದು ವಿಂಡೋಸ್‌ನ ಹೋಮ್ ಆವೃತ್ತಿಯಾದ್ದರಿಂದ ಡಿಸ್ಕಿಗೆ ಬೀಗ ಹಾಕುವ ಅದರ ಸ್ವಂತ ಸೌಲಭ್ಯ ಬಿಟ್‌ಲಾಕರ್ ಪೂರ್ಣ ರೂಪದಲ್ಲಿ ದೊರೆಯುವುದಿಲ್ಲ, ಪ್ರೊ ಆವೃತ್ತಿಗೆ ದುಡ್ಡು ಸುರಿಯುವ ಮನಸ್ಸೂ ಇರಲಿಲ್ಲ. ಅಲ್ಲದೆ ಇಡೀ ಡಿಸ್ಕಿಗೆ ಹಾಕಿದ ಬೀಗವು ಕಂಪ್ಯೂಟರ್ ಆರಿದಾಗ ಕಾಯುತ್ತದೆಯೇ ಹೊರತು, ನಾನು ಆನ್ ಮಾಡಿಟ್ಟು ಎದ್ದುಹೋದ ಮೇಲೆ ಅದರ ಮುಂದೆ ಬಂದು ಕೂರುವ ನೆಂಟರ ಮಕ್ಕಳನ್ನು ತಡೆಯುವುದಿಲ್ಲ. ಫೈಲುಗಳನ್ನು ಒತ್ತಿ ಗಂಟು ಕಟ್ಟುವ ಸೆವೆನ್‌ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿಡುವುದನ್ನು ಕೆಲವು ವಾರ ಮಾಡಿ ನೋಡಿದೆ. ಅದರ ಗೂಢಲಿಪಿ (ಎನ್‌ಕ್ರಿಪ್ಷನ್) ಗಟ್ಟಿಯಾಗಿಯೇ ಇದೆ. ಆದರೆ ಪ್ರತಿ ಸಲ ಬಿಚ್ಚಿದ ಫೈಲು ಡೆಸ್ಕ್‌ಟಾಪಿನಲ್ಲಿ ಉಳಿದುಬಿಡುತ್ತಿತ್ತು, ಅಳಿಸಲು ನಾನು ಮರೆಯುತ್ತಿದ್ದೆ. ಕೊನೆಗೆ ಉಳಿದದ್ದು ವೆರಾಕ್ರಿಪ್ಟ್. ನಮ್ಮ ಫೈಲುಗಳನ್ನೆಲ್ಲ ಬೀಗ ಹಾಕಿದ ಪೆಟ್ಟಿಗೆಯಂಥ ಒಂದೇ ದೊಡ್ಡ ಫೈಲಿನೊಳಗೆ ಗೂಢಲಿಪಿಯಲ್ಲಿ ಇಡುವ ತಂತ್ರಾಂಶವಿದು. ಅದು ಉಚಿತ.

ಮೊದಲ ದಿನದಿಂದಲೇ ಅದು ನನಗೆ ಹಿಡಿಸಿತು. 20 ಜಿಬಿಯ ಒಂದು ಪೆಟ್ಟಿಗೆ ಮಾಡಿಕೊಳ್ಳುವಾಗ ಅದು ಮೌಸನ್ನು ಕಿಟಕಿಯೊಳಗೆ ಅಡ್ಡಾದಿಡ್ಡಿಯಾಗಿ ಆಡಿಸಿರಿ ಎನ್ನುತ್ತದೆ. ಆ ಗೊತ್ತುಗುರಿಯಿಲ್ಲದ ಓಡಾಟದಿಂದಲೂ ಕೀಲಿಗೆ ಬೇಕಾದ ಯಾದೃಚ್ಛಿಕತೆಯನ್ನು ಹೆಕ್ಕಿಕೊಳ್ಳುತ್ತದೆ. ಕೆಳಗಿನ ಪಟ್ಟಿ ಕೆಂಪಿನಿಂದ ಹಸಿರಿಗೆ ತಿರುಗುವವರೆಗೆ ನನ್ನ ಮಗಳು ಮೌಸ್ ಹಿಡಿದು ರಂಗೋಲಿ ಹಾಕಿದಳು. ಅಂದಿನಿಂದ ಪ್ರತಿ ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಪೆಟ್ಟಿಗೆ ತೆರೆಯುವುದು ನನಗೆ ದೇವರ ಮುಂದೆ ದೀಪ ಹಚ್ಚುವಷ್ಟೇ ರೂಢಿಯಾಗಿದೆ. ಪಾಸ್‌ವರ್ಡಾಗಿ ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನೂ ಒಂದು ಸಂಖ್ಯೆಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯುತ್ತೇನೆ. ಕನ್ನಡ ಲಿಪಿಯನ್ನೂ ಅದು ಒಪ್ಪುತ್ತದೆ. ಆದರೆ ಬೇರೆ ಕಂಪ್ಯೂಟರಿನ ಕೀಲಿಮಣೆಯಲ್ಲಿ ಒಂದು ಒತ್ತಕ್ಷರ ಹೆಚ್ಚುಕಡಿಮೆಯಾದರೂ ಹೊರಗೇ ನಿಲ್ಲಬೇಕಾಗುತ್ತದೆ ಎಂಬ ಭಯದಿಂದ ಅತ್ತ ಹೋಗಲಿಲ್ಲ. ಎಂಟರ್ ಒತ್ತಿದ ಮೇಲೆ ಪೆಟ್ಟಿಗೆ ಕೂಡಲೇ ತೆರೆದುಕೊಳ್ಳುವುದಿಲ್ಲ. ಎಸ್‌ಎಚ್‌ಎ-512 ಎಂಬ ಗಣಿತದ ವಿಧಾನದಲ್ಲಿ ಅದು ಪಾಸ್‌ವರ್ಡನ್ನು 5,00,000 ಸುತ್ತು ರುಬ್ಬಿ ಕೀಲಿ ತೆಗೆಯುತ್ತದೆ. ನಮ್ಮ ಪಾಸ್‌ವರ್ಡನ್ನು ಊಹಿಸುತ್ತ ಕೂರುವ ಕಳ್ಳನೂ ಒಂದೊಂದು ಊಹೆಗೆ ಅಷ್ಟೇ ಸುತ್ತು ರುಬ್ಬಬೇಕಾಗುತ್ತದೆ. ಯಾವ ವಿಧಾನವೆಂದು ನಾವೇ ಆರಿಸಿಕೊಟ್ಟರೆ ಎಲ್ಲವನ್ನೂ ಒಂದೊಂದಾಗಿ ಪ್ರಯತ್ನಿಸುವ ಕೆಲಸ ತಪ್ಪಿ ಬೇಗ ತೆರೆಯುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಆಮೇಲೆ ಎಂ ಎಂಬ ಹೊಸ ಡ್ರೈವ್ ಕಾಣಿಸಿಕೊಳ್ಳುತ್ತದೆ, ಅದರೊಳಗೆ ಎಲ್ಲವೂ ಸಾಮಾನ್ಯ ಫೋಲ್ಡರಿನಂತೆಯೇ ಇರುತ್ತದೆ. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುವಂತೆ ಹೊಂದಿಸಿದ್ದೇನೆ. ಕೆಲಸದ ನಡುವೆ ಕರೆಂಟು ಹೋದರೆ ಉಳಿಸದ ಫೈಲು ಹೋದೀತು, ಆದರೆ ಡಿಸ್ಕಿನ ಮೇಲಿರುವುದು ಆಗಲೂ ಗೂಢಲಿಪಿಯಾಗಿಯೇ ಇರುತ್ತದೆ.

ಇಲ್ಲಿಯವರೆಗೆ ಬರೆದದ್ದನ್ನು ಕಳೆದ ವರ್ಷದ ಆಷಾಢಕ್ಕೆ ಮೊದಲು ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟು ಎದ್ದುಬಿಡುತ್ತಿದ್ದೆ.

ಆಷಾಢದಲ್ಲಿ ನಮ್ಮ ಹಾರ್ಡ್ ಡಿಸ್ಕ್ ಹಲ್ಲಿ ಲೊಚಗುಟ್ಟಿದಂತೆ ಸದ್ದು ಮಾಡತೊಡಗಿತು. ನನಗೆ ಗಾಬರಿಯಾಗಲಿಲ್ಲ. ಪ್ರತಿ ಭಾನುವಾರ ಹೊರ ಡಿಸ್ಕನ್ನು ಜೋಡಿಸಿ, ನಕಲು ತೆಗೆಯುವ ಒಂದು ತಂತ್ರಾಂಶವನ್ನು ತಪ್ಪದೆ ಓಡಿಸುತ್ತಿದ್ದೆ. ಪ್ರತಿ ಭಾನುವಾರವೂ ಅದು ಕೆಲಸ ಯಶಸ್ವಿಯಾಗಿ ಮುಗಿಯಿತೆಂದು ಹಸಿರು ಗುರುತು ತೋರಿಸುತ್ತಿತ್ತು. ಹೊಸ ಡಿಸ್ಕ್ ಹಾಕಿಸಿ, ನಕಲಿನಲ್ಲಿದ್ದ ಪೆಟ್ಟಿಗೆಯನ್ನು ಇಳಿಸಿಕೊಂಡು ತೆರೆದೆ. ಬೀಗ ತೆರೆಯಿತು, ಫೋಲ್ಡರುಗಳೂ ಇದ್ದವು. ಆದರೆ ತಾಯಿಯವರ ಶಸ್ತ್ರಚಿಕಿತ್ಸೆಯ ಕಾಗದಗಳಿರಲಿಲ್ಲ, ಆ ವರ್ಷದ ತೆರಿಗೆಯ ಲೆಕ್ಕವಿರಲಿಲ್ಲ. ಒಳಗಿದ್ದದ್ದು ಹದಿನಾಲ್ಕು ತಿಂಗಳ ಹಿಂದೆ, ನಕಲು ತೆಗೆಯಲು ಆರಂಭಿಸಿದ ಮೊದಲ ಭಾನುವಾರ, ಹೇಗಿತ್ತೋ ಹಾಗೆಯೇ ಇದ್ದ ಪೆಟ್ಟಿಗೆ.

ಕಾರಣ ತಿಳಿಯಲು ಒಂದು ಇಡೀ ರಾತ್ರಿ ಬೇಕಾಯಿತು. ಪೆಟ್ಟಿಗೆಯ ಒಳಗೆ ಎಷ್ಟೇ ಫೈಲು ಸೇರಿಸಿದರೂ ಹೊರಗಿನಿಂದ ಅದರ ಗಾತ್ರ 20 ಜಿಬಿಯೇ. ಅದರ ಮೇಲೆ ವೆರಾಕ್ರಿಪ್ಟ್, ನಾವು ಬದಲಿಸದ ಹೊರತು, ಪೆಟ್ಟಿಗೆಯನ್ನು ತೆರೆದು ಬರೆದು ಮುಚ್ಚಿದ ಮೇಲೂ ಅದರ ಹಳೆಯ ದಿನಾಂಕವನ್ನೇ ಉಳಿಸುತ್ತದೆ. ನಕಲು ತಂತ್ರಾಂಶ ನೋಡುತ್ತಿದ್ದದ್ದು ಹೆಸರು, ಗಾತ್ರ, ದಿನಾಂಕ ಈ ಮೂರನ್ನು ಮಾತ್ರ. ಮೂರೂ ಹಾಗೆಯೇ ಇದ್ದುದರಿಂದ ಏನೂ ಬದಲಾಗಿಲ್ಲವೆಂದು ಪ್ರತಿ ವಾರ ದಾಟಿಕೊಂಡು ಹೋಗುತ್ತಿತ್ತು. ಎರಡೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದವು, ತೆರೆದು ನೋಡದೆ ಹಸಿರು ಗುರುತನ್ನು ನಂಬಿದವನು ನಾನು. ದಿನಾಂಕವನ್ನು ಹೀಗೆ ಉಳಿಸುವುದರ ಉದ್ದೇಶ, ಪೆಟ್ಟಿಗೆಯನ್ನು ಕೊನೆಯ ಬಾರಿ ಬಳಸಿದ್ದು ಯಾವಾಗ ಎಂಬ ಸುಳಿವು ಯಾರಿಗೂ ಸಿಗಬಾರದೆಂಬುದು. ಅಂಥ ಅಗತ್ಯವಿರುವವರು ಲೋಕದಲ್ಲಿ ಇರಬಹುದು. ವಿ.ಸಿ. ನಾಲೆಯ ಕೆಳಗೆ ಒಂದೂವರೆ ಎಕರೆ ಗದ್ದೆಯಿರುವ ನನ್ನಂಥವನ ಬೆನ್ನು ಹತ್ತುವ ಪತ್ತೇದಾರರು ಯಾರೂ ಇಲ್ಲ. ಪೆಟ್ಟಿಗೆ ಮಾಡುವಾಗ ಪಾಸ್‌ವರ್ಡ್ ಚಿಕ್ಕದಾದರೆ ಎಚ್ಚರಿಸುವ ತಂತ್ರಾಂಶವು ಇದನ್ನೂ ಒಂದು ಸಾಲಿನಲ್ಲಿ ಹೇಳಬಹುದಿತ್ತೆಂಬ ಅಸಮಾಧಾನ ನನಗೆ ಇಂದಿಗೂ ಹೋಗಿಲ್ಲ.

ಪುಣ್ಯಕ್ಕೆ ಹಳೆಯ ಡಿಸ್ಕ್ ಇನ್ನೂ ಪೂರ್ತಿ ಸತ್ತಿರಲಿಲ್ಲ. ಅದನ್ನು ಹೊರಗಿನಿಂದ ಜೋಡಿಸಿ, ಪೆಟ್ಟಿಗೆಯನ್ನು ತೆರೆದು, ಒಂದೊಂದೇ ಫೋಲ್ಡರನ್ನು ಆಚೆ ಎಳೆದುಕೊಂಡೆ. ಎರಡು ಫೋಟೋಗಳು ಕೆಟ್ಟವು, ಉಳಿದದ್ದು ಬಂತು. ಡಿಸ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಜಾಗ ಕೆಟ್ಟರೂ ಇಡೀ ಪೆಟ್ಟಿಗೆ ಹಾಳಾಗದೆ ಅಷ್ಟು ಭಾಗ ಮಾತ್ರ ಹಾಳಾಗುವುದು ಅದರ ಗೂಢಲಿಪಿಯ ಗುಣವೆಂದು ಆಮೇಲೆ ತಿಳಿದಾಗ ಕೋಪ ಸ್ವಲ್ಪ ಇಳಿಯಿತು.

ಈಗ ನಾನು ಎರಡು ವಿಧಾನಗಳನ್ನು ಬಳಸುತ್ತಿದ್ದೇನೆ. ದಿನವೂ ಬದಲಾಗುವ ಲೆಕ್ಕ, ಪತ್ರಗಳು ಕ್ರಿಪ್ಟೋಮೇಟರ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಹೋಗಿವೆ. ಅದು ಪ್ರತಿ ಫೈಲನ್ನೂ ಬೇರೆಬೇರೆಯಾಗಿ ಗೂಢಗೊಳಿಸುವುದರಿಂದ ಬದಲಾದ ಫೈಲು ಮಾತ್ರ ನಕಲಾಗುತ್ತದೆ, ಅರ್ಧ ನಿಮಿಷದಲ್ಲಿ ಭಾನುವಾರದ ಕೆಲಸ ಮುಗಿಯುತ್ತದೆ. ಫೈಲುಗಳ ಹೆಸರನ್ನು ಅದು ಮರೆಮಾಡಿದರೂ ಎಷ್ಟು ಫೈಲುಗಳಿವೆ, ಸುಮಾರು ಎಷ್ಟು ದೊಡ್ಡವು ಎಂಬುದು ಹೊರಗಿನವರಿಗೆ ಕಾಣುತ್ತದೆ; ನನಗೆ ಅದರಿಂದ ತೊಂದರೆಯಿಲ್ಲ. ಕ್ರಯಪತ್ರ, ವಿಭಾಗಪತ್ರ, ಉಯಿಲು ಇಂಥ ಅಲುಗಾಡದ ಕಾಗದಗಳು ಮಾತ್ರ ವೆರಾಕ್ರಿಪ್ಟ್‌ನಲ್ಲಿಯೇ ಉಳಿದಿವೆ. ಸೆಟ್ಟಿಂಗ್ಸ್ ಅಡಿಯ ಪ್ರಿಫರೆನ್ಸಸ್‌ನಲ್ಲಿ 'ಪ್ರಿಸರ್ವ್ ಮಾಡಿಫಿಕೇಶನ್ ಟೈಮ್‌ಸ್ಟ್ಯಾಂಪ್' ಎಂದು ಆರಂಭವಾಗುವ ಸಾಲಿನ ಗುರುತನ್ನು ತೆಗೆದಿದ್ದೇನೆ. ಅದರಿಂದ ಪೆಟ್ಟಿಗೆಗೆ ಏನಾದರೂ ಸೇರಿಸಿದ ವಾರ 20 ಜಿಬಿ ಪೂರ್ತಿ ನಕಲಾಗಬೇಕು, ನನ್ನ ಹಳೆಯ ಹೊರ ಡಿಸ್ಕಿಗೆ ಅದು ಹನ್ನೆರಡು ನಿಮಿಷದ ಕೆಲಸ. ತಂತ್ರಾಂಶದ ಇನ್‌ಸ್ಟಾಲರನ್ನೂ ಅದೇ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಇದರ ಪೂರ್ವಜವಾದ ಟ್ರೂಕ್ರಿಪ್ಟ್ 2014ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತು, 2023ರಲ್ಲಿ ಬಂದ ವೆರಾಕ್ರಿಪ್ಟ್ 1.26 ಸರಣಿಯಲ್ಲಿ ಆ ಹಳೆಯ ಪೆಟ್ಟಿಗೆಗಳನ್ನು ತೆರೆಯುವ ಸೌಲಭ್ಯವನ್ನೂ ತೆಗೆದುಹಾಕಿದರು. ಈಗ ಕೇಳಿದರೆ ವೆರಾಕ್ರಿಪ್ಟ್‌ಗೆ ನಾಲ್ಕು ನಕ್ಷತ್ರ ಕೊಡುತ್ತೇನೆ.

ಎರಡರಲ್ಲಿಯೂ 'ಪಾಸ್‌ವರ್ಡ್ ಮರೆತಿರಾ' ಎಂದು ಕೇಳಿ ಹೊಸದನ್ನು ಕೊಡುವವರು ಯಾರೂ ಇಲ್ಲ. ಆದ್ದರಿಂದ ಅದನ್ನು ಒಂದು ಚೀಟಿಯಲ್ಲಿ ಬರೆದು ಲಕೋಟೆಯೊಳಗೆ ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ಹೋದ ತಿಂಗಳು ಪರೀಕ್ಷೆಗೆಂದು ನನ್ನ ಹೆಂಡತಿಯನ್ನು ಕೂರಿಸಿ, ಚೀಟಿ ನೋಡಿಕೊಂಡು ತಾನೇ ತೆರೆಯಲಿ ಎಂದು ಪಕ್ಕಕ್ಕೆ ಸರಿದು ನಿಂತೆ. ಎರಡು ಸಲ ತಪ್ಪಾಯಿತು. "ಇದೇನ್ರೀ, ಇದು ಇಂಗ್ಲಿಷ್ ಓ ನಾ, ಸೊನ್ನೆನಾ?" ಎಂದು ಕೇಳಿದಳು. ಅದು ಸೊನ್ನೆ. ಈಗ ಅದರ ಹೊಟ್ಟೆಗೆ ಅಡ್ಡಗೆರೆ ಎಳೆದು ಲಕೋಟೆಯನ್ನು ಮತ್ತೆ ಅಂಟಿಸಿದ್ದೇನೆ.