ಶಾಲೆಯ ಇತಿಹಾಸಕ್ಕೆ ಯಾವುದನ್ನು ನಂಬೋದು: ಸ್ಮರಣ ಸಂಚಿಕೆಯೋ, ಹಳಬರ ಮಾತೋ, ಫಾದರ್‌ಗಳ ದಿನಚರಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದಿನಚರಿಗೆ. ಆದರೆ ಮೂರರಲ್ಲಿ ನನ್ನನ್ನು ಜಾಸ್ತಿ ಪೇಚಿಗೆ ಸಿಕ್ಕಿಸಿದ್ದೂ ಅದೇ.

ನಾವು ಓದಿದ್ದು ಜೆಸ್ವಿಟ್ ಫಾದರ್‌ಗಳ, ಅಂದರೆ ಯೇಸುಸಭೆ ಅನ್ನುವ ಕ್ಯಾಥೋಲಿಕ್ ಸಂಘದ ಪಾದ್ರಿಗಳ, ಹೈಸ್ಕೂಲಿನಲ್ಲಿ. ಶಾಲೆಯ ಬಾಗಿಲ ಬಳಿ ಅದರ ಇತಿಹಾಸ ಹೇಳುವ ಒಂದು ಫಲಕ ಹಾಕಿಸೋಣ ಅಂತ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ತೀರ್ಮಾನಿಸಿದರು. ನಾಲ್ಕು ಸಾಲು ಬರೆಯೋಕೆ ಬರುತ್ತೆ ಅನ್ನುವ ಒಂದೇ ಕಾರಣಕ್ಕೆ ಕೆಲಸ ನನ್ನ ತಲೆಗೆ ಬಂತು. ಸುಮಾರು ಒಂದು ವರ್ಷ ಮೂರೂ ದಾರಿ ಹಿಡಿದು ನೋಡಿದೆ. ಫಲಕವನ್ನು ಎರಡು ಸಲ ಮಾಡಿಸಬೇಕಾಯಿತು, ಎರಡನೆಯದು ನನ್ನ ಕೈಯಿಂದ ದುಡ್ಡು ಹಾಕಿ.

ಸ್ಮರಣ ಸಂಚಿಕೆಯನ್ನು ದುಡ್ಡು ಕೊಟ್ಟು ಕೊಂಡಿದ್ದೆ. ದಪ್ಪ ಕಾಗದ, ಹೊಳೆಯುವ ಮುಖಪುಟ. ಅರ್ಧ ಪುಸ್ತಕ ಶುಭಾಶಯ ಪತ್ರಗಳು, ಉಳಿದ ಅರ್ಧದಲ್ಲಿ ಅರ್ಧ ಜಾಹೀರಾತು. ಶಾಲೆ ಶುರುವಾದ ವರ್ಷ ಒಂದು ಪುಟದಲ್ಲಿ ಒಂದು, ಇನ್ನೊಂದು ಪುಟದಲ್ಲಿ ಇನ್ನೊಂದು. ಒಂದು ಕಡೆ ಪ್ರೈಮರಿ ತೆರೆದ ವರ್ಷ ಹಿಡಿದಿದ್ದಾರೆ, ಇನ್ನೊಂದು ಕಡೆ ಹೈಸ್ಕೂಲಿಗೆ ಮಾನ್ಯತೆ ಸಿಕ್ಕ ವರ್ಷ. ಎರಡೂ ಸರಿಯೇ, ಆದರೆ ಹೇಳಬೇಕಲ್ವಾ? ಫೋಟೋಗಳದ್ದು ಇನ್ನೊಂದು ಕಥೆ. ಒಂದು ಗುಂಪು ಫೋಟೋದ ಕೆಳಗೆ 'ಎಡದಿಂದ ಮೂರನೆಯವರು' ಅಂತ ಹೆಸರು ಹಾಕಿದ್ದಾರೆ. ಆ ಮುಖಕ್ಕೂ ಆ ಹೆಸರಿಗೂ ಏನೇ ಮಾಡಿದರೂ ತಾಳೆ ಆಗಲಿಲ್ಲ. ತುಂಬ ಹೊತ್ತು ನೋಡಿದ ಮೇಲೆ ಗೊತ್ತಾಯಿತು, ಸಾಲಿನಲ್ಲಿ ನಿಂತ ಅಷ್ಟೂ ಹುಡುಗರ ಅಂಗಿಯ ಜೇಬು ಬಲಗಡೆ ಇದೆ! ಫೋಟೋವನ್ನೇ ತಿರುಗಾಮುರುಗಾ ಅಚ್ಚು ಹಾಕಿದ್ದಾರೆ. ಆಮೇಲೆ ಆ ಸಂಚಿಕೆಯನ್ನು ಫೋಟೋ ನೋಡುವುದಕ್ಕೆ ಮಾತ್ರ ತೆಗೆಯುತ್ತೇನೆ, ಅದೂ ಜೇಬು ನೋಡಿಕೊಂಡು.

ಹಳಬರ ಮಾತು ಕೇಳೋಕೆ ಚೆಂದ. ಪರೀಕ್ಷೆ ಹಾಳೆಯ ಮೇಲ್ತುದಿಯಲ್ಲಿ ಎ.ಎಂ.ಡಿ.ಜಿ., ಕೊನೆಯಲ್ಲಿ ಎಲ್.ಡಿ.ಎಸ್. ಅಂತ ಬರೆಯುತ್ತಿದ್ದದ್ದು ಒಬ್ಬೊಬ್ಬರಿಗೂ ನೆನಪಿದೆ. ಮೊದಲನೆಯದು 'ದೇವರ ಹೆಚ್ಚಿನ ಮಹಿಮೆಗಾಗಿ', ಎರಡನೆಯದು 'ದೇವರಿಗೆ ಸದಾ ಸ್ತುತಿ'. ಎರಡೂ ಲ್ಯಾಟಿನ್. ಒಬ್ಬರಂತೂ ಮೇಲಿನದನ್ನು ಬರೆದು, ನಡುವೆ ಏನೂ ತೋಚದೆ, ಕೆಳಗಿನದನ್ನು ಬರೆದು ಹಾಳೆ ಕೊಟ್ಟು ಬಂದಿದ್ದರಂತೆ. ಇಂಥದ್ದು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಆದರೆ ವರ್ಷ ಕೇಳಿದಿರೋ, ಕೆಟ್ಟಿರಿ. 60ರ ದಶಕದಲ್ಲಿ ಓದಿದ ಹಿರಿಯರೊಬ್ಬರು, ತಮ್ಮ ಕ್ಲಾಸಿನ ಗೋಡೆಯ ಮೇಲೆ 'ಇತರರಿಗಾಗಿ ಬಾಳುವವರು' ಅನ್ನುವ ಮಾತು ದಿನಾ ಓದುತ್ತಿದ್ದೆ ಅಂತ ಖಡಾಖಂಡಿತವಾಗಿ ಹೇಳಿದರು. ಆ ಮಾತು ಜೆಸ್ವಿಟ್ ಶಾಲೆಗಳ ಗೋಡೆಗೆ ಬಂದದ್ದು ಸಭೆಯ ಮುಖ್ಯಸ್ಥರಾಗಿದ್ದ ಪೆದ್ರೊ ಅರೂಪೆ ಅವರ ಭಾಷಣದಿಂದ. 1973ರ ಜುಲೈ 31ರಂದು ಸ್ಪೇನಿನ ವೆಲೆನ್ಸಿಯಾದಲ್ಲಿ, ಜೆಸ್ವಿಟ್ ಶಾಲೆಗಳ ಹಳೆ ವಿದ್ಯಾರ್ಥಿಗಳ ಮುಂದೆಯೇ ಮಾಡಿದ ಭಾಷಣ ಅದು. ನ್ಯಾಯದ ವಿಷಯ ನಿಮಗೆ ಸರಿಯಾಗಿ ಕಲಿಸಲೇ ಇಲ್ಲ ಅಂತ ನಿಮ್ಮ ಜೆಸ್ವಿಟ್ ಮೇಷ್ಟ್ರುಗಳೇ ಒಪ್ಪಿಕೊಂಡಾರು ಅನ್ನುವ ಧಾಟಿಯಲ್ಲಿ ಮಾತಾಡಿದ್ದರು, ಕೆಲವರಿಗೆ ಚುಚ್ಚಿತು ಕೂಡ. ನಮ್ಮ ಹಿರಿಯರು ಮಗನನ್ನು ಅದೇ ಶಾಲೆಗೆ ಸೇರಿಸಿದ್ದರು. ಮಗನ ಕ್ಲಾಸಿನ ಗೋಡೆ ತಮ್ಮ ಕ್ಲಾಸಿಗೆ ಬಂದು ಕೂತಿದೆ, ಅಷ್ಟೇ. ನಾನು ವಾದ ಮಾಡಲಿಲ್ಲ.

ಇನ್ನು ಸೊಡಾಲಿಟಿ. ಮಾತೆ ಮರಿಯಮ್ಮನ ಹೆಸರಿನ ಈ ವಿದ್ಯಾರ್ಥಿ ಸಂಘ 1563ರಲ್ಲಿ ರೋಮ್‌ನ ಜೆಸ್ವಿಟ್ ಕಾಲೇಜಿನಲ್ಲಿ ಶುರುವಾಗಿ ಅವರ ಶಾಲೆಗಳಿಗೆಲ್ಲ ಹಬ್ಬಿತು. ನಮ್ಮಲ್ಲಿ ಅದನ್ನು 'ಹೊಸದಾಗಿ ಬಂದ ಹೆಡ್‌ಮಾಸ್ಟರ್ ಮುಚ್ಚಿಸಿದರು' ಅಂತ ನಾಲ್ಕು ಜನ ಹೇಳಿದರು. ದಿನಚರಿ ನೋಡಿದರೆ ಮುಚ್ಚಿಯೇ ಇಲ್ಲ. 1967ರಲ್ಲಿ ಲೋಕಕ್ಕೆಲ್ಲ ಅದರ ಹೆಸರು ಬದಲಾಗಿ ಕ್ರಿಶ್ಚಿಯನ್ ಲೈಫ್ ಕಮ್ಯುನಿಟಿ ಆಯಿತು. ಅದೇ ಹುಡುಗರು, ಅದೇ ಕೋಣೆ. ಪಾಪ, ಆ ಹೆಡ್‌ಮಾಸ್ಟರ್ ಸುಮ್ನೆ ಬೈಸಿಕೊಂಡರು.

ಈಗ ದಿನಚರಿಗೆ ಬರೋಣ. ಜೆಸ್ವಿಟರಿಗೆ ಬರೆದಿಡುವ ಚಾಳಿ ಮೊದಲಿನಿಂದಲೂ ಇದೆ. ಸಭೆ ಕಟ್ಟಿದ ಇಗ್ನೇಷಿಯಸ್ ಲೊಯೊಲಾ ಅವರ ಪತ್ರಗಳೇ ಸುಮಾರು 7,000 ಉಳಿದಿವೆ. ಹೊರಗಿನ ಮಕ್ಕಳಿಗಾಗಿ ಅವರು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಶಾಲೆ ತೆರೆದಾಗಿನಿಂದ ಎಲ್ಲಿ ಏನಾಯಿತು ಅನ್ನುವುದು ಕಾಗದದ ಮೇಲೆ ರೋಮ್‌ಗೆ ಹೋಗುತ್ತಲೇ ಇತ್ತು. ನಮ್ಮ ಶಾಲೆಯ ಫಾದರ್‌ಗಳ ಮನೆಯಲ್ಲೂ ಒಬ್ಬರು ರಾತ್ರಿ ಊಟ ಆದ ಮೇಲೆ ಕೂತು ಆ ದಿನದ್ದನ್ನು ಬರೆದಿದ್ದಾರೆ. ಸಾಲುಗಳು ಚಿಕ್ಕವು. 'ಬೋರ್ಡಿಂಗ್ ಹುಡುಗರಲ್ಲಿ ಹನ್ನೊಂದು ಮಂದಿಗೆ ಗದ್ದಬಾವು. ಫುಟ್‌ಬಾಲ್ ಇಲ್ಲ.' ಕೆಳಗೆ ಬೇರೆ ಶಾಯಿಯಲ್ಲಿ, 'ಫಾದರ್ ಮಿನಿಸ್ಟರ್‌ಗೂ ಗದ್ದಬಾವು.' ಮನೆಯ ದಿನನಿತ್ಯದ ವ್ಯವಸ್ಥೆ ನೋಡಿಕೊಳ್ಳುವ ಫಾದರ್‌ಗೆ ಮಿನಿಸ್ಟರ್ ಅನ್ನುತ್ತಾರೆ. ಅದೇ ರಾತ್ರಿ ಬರೆದದ್ದಕ್ಕೆ ಇರುವ ತೂಕ ಐವತ್ತು ವರ್ಷ ಆದ ಮೇಲೆ ನೆನೆದದ್ದಕ್ಕೆ ಎಲ್ಲಿ ಬರಬೇಕು?

ತೊಂದರೆ ಒಂದೇ. ಬರೆದವರಿಗೆ ತಾರೀಕಿನ ಗೊಡವೆ ಇಲ್ಲ. ತಿಂಗಳ ಹೆಸರು ಹಾಕದೆ ಪುಟಗಟ್ಟಲೆ ಹೋಗುತ್ತಾರೆ, ಎಲ್ಲ ಹಬ್ಬದ ಲೆಕ್ಕ. ಸಂತ ಜೋಸೆಫರ ಹಬ್ಬದ ಮರುದಿನ, ಈಸ್ಟರ್ ಆಗಿ ಎರಡನೇ ಭಾನುವಾರ, ಹೀಗೆ. ಹೊಸ ಕಟ್ಟಡದಲ್ಲಿ ಮೊದಲ ಪಾಠ ನಡೆದದ್ದು 1963ರಲ್ಲಿ 'ಸಂತ ತೋಮಸ್ ಅಕ್ವಿನಾಸರ ಹಬ್ಬದಂದು' ಅಂತಿತ್ತು. ಕ್ಯಾಥೋಲಿಕ್ ಶಾಲೆಗಳ ಪಾಲಕ ಸಂತ ಅವರು, ದಿನ ಆರಿಸಿದ್ದು ಸರಿಯಾಗೇ ಇದೆ. ನಾನು ಈಗಿನ ಚರ್ಚ್ ಕ್ಯಾಲೆಂಡರ್ ತೆಗೆದು ನೋಡಿದೆ, ಜನವರಿ 28. ಫಲಕಕ್ಕೆ ಅದನ್ನೇ ಕೊಟ್ಟೆ.

ಫಲಕ ಬಂದ ದಿನ, ಗೋಡೆಯ ಕಥೆ ಹೇಳಿದ ಅದೇ ಹಿರಿಯರು ಕನ್ನಡಕ ಮೇಲೇರಿಸಿ ಓದಿ, 'ಜನವರಿ ಅಲ್ಲಪ್ಪ' ಅಂದರು. ಬೂದಿ ಬುಧವಾರ, ಅಂದರೆ ಈಸ್ಟರ್‌ಗೆ ಮುಂಚಿನ ವ್ರತದ ತಪಸ್ಸುಕಾಲ ಶುರುವಾಗುವ ದಿನ, ಆಗಿ ಒಂದು ವಾರ ಆಗಿತ್ತಂತೆ. ಕಟ್ಟಡದ ಖುಷಿಗೆ ಸಿಹಿ ಹಂಚಿದರು, ತಪಸ್ಸುಕಾಲದಲ್ಲಿ ಸಿಹಿ ಬಿಟ್ಟಿರುವ ನಾವು ತಿನ್ನಬಹುದೋ ಇಲ್ಲವೋ ಅಂತ ಪಕ್ಕದವನ ಜೊತೆ ಜಗಳ ಆಡಿದ್ದೆ ಅಂದರು. ನನಗೆ ನಗು ಬಂತು. ಗೋಡೆ ಹೇಳಿದವರೇ ತಾನೆ, ಅಂದುಕೊಂಡೆ.

ಮನೆಗೆ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಹುಡುಕಿದೆ. ಅಕ್ವಿನಾಸರು ತೀರಿಕೊಂಡದ್ದು 1274ರ ಮಾರ್ಚ್ 7ರಂದು. ಹಬ್ಬವೂ ಅದೇ ದಿನ ಇತ್ತು. ಆದರೆ ಅದು ಹೆಚ್ಚಾಗಿ ತಪಸ್ಸುಕಾಲದ ಒಳಗೇ ಬೀಳುತ್ತಿತ್ತು. ಕ್ಯಾಥೋಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಪೋಪ್ ಆರನೇ ಪೌಲ್ ಹೊಸ ಕ್ಯಾಲೆಂಡರ್ ಹೊರಡಿಸಿದಾಗ ಅದನ್ನು ಜನವರಿ 28ಕ್ಕೆ ತಂದರು. 1369ರಲ್ಲಿ ಅವರ ಅವಶೇಷಗಳನ್ನು ಫ್ರಾನ್ಸಿನ ಟೂಲೂಸ್‌ಗೆ ತಂದ ದಿನ ಅದು. 1963ರಲ್ಲಿ ಬೂದಿ ಬುಧವಾರ ಫೆಬ್ರವರಿ 27ಕ್ಕೆ ಬಂದಿತ್ತು. ಮಾರ್ಚ್ 7 ಅಂದರೆ ಸರಿಯಾಗಿ ಎಂಟು ದಿನ. ಹಿರಿಯರ ಸಿಹಿ ಜಗಳ ಅಕ್ಷರಶಃ ನಿಜ. ದಿನಚರಿಯಲ್ಲೇ ನಾಲ್ಕು ಪುಟ ಹಿಂದೆ ಹೋಗಿದ್ದರೂ ಸಾಕಿತ್ತು, 'ಚಾವಣಿ ಇನ್ನೂ ಬಾಕಿ, ಬೂದಿ ಬುಧವಾರಕ್ಕೆ ಮುಂಚೆ ಆಗುವ ಹಾಗೆ ಕಾಣುವುದಿಲ್ಲ' ಅಂತ ಬರೆದಿತ್ತು. ಬೇಕಾದ ಸಾಲು ಸಿಕ್ಕಿತು ಅಂತ ನಾನೇ ಪುಸ್ತಕ ಮುಚ್ಚಿದ್ದೆ.

ಹಾಗಂತ ನನ್ನ ಓಟು ಬದಲಾಗಿಲ್ಲ. ನನಗೆ ಜನರ ಹತ್ತಿರ ಬಾಯಿ ಬಿಡಿಸುವ ಕಲೆ ಇಲ್ಲ. ಶನಿವಾರ ಮಧ್ಯಾಹ್ನ ಎರಡು ಗಂಟೆ ಒಬ್ಬನೇ ಕೂತು ಓದುವುದು ಅಭ್ಯಾಸ. ಖರ್ಚು ಅಂದರೆ ಒಂದು ನೋಟ್‌ಬುಕ್, ಎರಡು ಪೆನ್ಸಿಲ್. ದಿನಚರಿ ಇಟ್ಟಿರುವ ಕೋಣೆಯೊಳಗೆ ಪೆನ್ನು ಬಿಡುವುದಿಲ್ಲ. ನಿಮಗೆ ಮಾತು ಇಷ್ಟ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಕೂತು ಬರೆಯುವ ತಾಳ್ಮೆಯೂ ಇದೆ ಅಂದರೆ ಹಳಬರಿಂದಲೇ ಶುರುಮಾಡಿ. ವರ್ಷ ಕೇಳಬೇಡಿ, ಆವತ್ತು ಏನು ತಿಂದಿರಿ ಅಂತ ಕೇಳಿ. ಸ್ಮರಣ ಸಂಚಿಕೆಯನ್ನು ಯಾರ ಹತ್ತಿರವಾದರೂ ಇಸಿದುಕೊಂಡು ನೋಡಿ, ಕೊಳ್ಳಬೇಡಿ.

ಬರುವ ಶನಿವಾರ 1958ರ ಸಂಪುಟ. ಅದರಲ್ಲಿ ಕ್ರಿಸ್ತರಾಜರ ಹಬ್ಬದ ಮೆರವಣಿಗೆ ಇದೆಯಂತೆ. ಆಗ ಅದು ಅಕ್ಟೋಬರಿನ ಕೊನೇ ಭಾನುವಾರ, ಈಗಿನ ಹಾಗೆ ನವೆಂಬರಿನಲ್ಲಿ ಅಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದೇನೆ.