ಹಳೆಯ ಸಿ10 ಪಿಕಪ್‌ಗೆ ಯಾವ ಎಂಜಿನ್: ಎಲ್‌ಎಂ7, ಎಲ್83 ಅಥವಾ ಕಮಿನ್ಸ್ ಆರ್2.8?

1973ರಿಂದ 1987ರವರೆಗಿನ ಶೆವರ್ಲೆ ಸಿ10ನ ಬಾನೆಟ್ ಕೆಳಗೆ ಜಾಗಕ್ಕೆ ಕೊರತೆಯಿಲ್ಲ. ಹಾಗಾಗಿ ಸ್ವಾಪ್‌ಗೆ, ಅಂದರೆ ಹಳೆಯದನ್ನು ತೆಗೆದು ಬೇರೆಯದನ್ನು ಕೂರಿಸಲು, ಎಂಜಿನ್ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಎಚ್‌ಪಿ. ಮೂರನ್ನೂ ಕೂರಿಸಿ, ಓಡಿಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಬೇರೆ: ಎಂಜಿನ್ ಚಾಸಿಸ್‌ಗೆ ಇಳಿಯುವುದು ಸುಲಭ, ಕೆಲಸ ಹಿಡಿಯುವುದು ಪೆಟ್ರೋಲ್ ಲೈನ್, ವೈರಿಂಗ್ ಮತ್ತು ಗೇರ್‌ಬಾಕ್ಸ್ ಜೋಡಣೆ. ಹೋಲಿಸಬೇಕಾದದ್ದು ಇವನ್ನೇ.

ಮೊದಲು ಎಲ್‌ಎಂ7. ಇದು 1999ರಿಂದ 2007ರವರೆಗೆ ಜಿಎಂ ಪಿಕಪ್‌ಗಳಲ್ಲಿ ಬಂದ 5.3 ಲೀಟರ್ ವಿ8: ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ, ವರ್ಷಕ್ಕೆ ತಕ್ಕಂತೆ 270ರಿಂದ 295 ಎಚ್‌ಪಿ. ಹಳೆಯ ಕಾರ್ಬ್ಯುರೇಟರ್ 350ಕ್ಕಿಂತ (350 ಘನ ಇಂಚಿನ ಹಳೆಯ ಶೆವರ್ಲೆ ವಿ8) ತೂಕವೂ ತುಸು ಕಡಿಮೆ. ಪೆಟ್ರೋಲ್ ಉಳಿಸಲು ಕೆಲವು ಸಿಲಿಂಡರ್ ಆಫ್ ಆಗುವ ವ್ಯವಸ್ಥೆ ಇದರಲ್ಲಿ ಇಲ್ಲ, ಅದೇ ಇದರ ದೊಡ್ಡ ಗುಣ. ನಂತರದ ತಲೆಮಾರಿನ 5.3ಗಳಲ್ಲಿ ಕೆಡುವುದು ಆ ವ್ಯವಸ್ಥೆಯ ಲಿಫ್ಟರ್‌ಗಳೇ. ಬಿಚ್ಚಿಟ್ಟ ಎಂಜಿನ್ ಕೊಳ್ಳುವಾಗ ಸ್ಟಾರ್ಟರ್ ಹಿಂದಿನ ಕ್ರ್ಯಾಂಕ್ ಸೆನ್ಸರ್ ನೋಡಿ. ಕಪ್ಪಗಿದ್ದರೆ ಕ್ರ್ಯಾಂಕಿನ ಚಕ್ರ 24 ಹಲ್ಲಿನ ಹಳೆಯ ಪದ್ಧತಿಯದು, ಬೂದು ಬಣ್ಣವಾದರೆ 58 ಹಲ್ಲಿನದು. ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇದಕ್ಕೆ ಹೊಂದಲೇಬೇಕು, ಹೊಂದದಿದ್ದರೆ ಎಂಜಿನ್ ತಿರುಗುತ್ತದೆಯೇ ಹೊರತು ಸ್ಟಾರ್ಟ್ ಆಗುವುದಿಲ್ಲ.

ಮೌಂಟ್‌ಗೆ ಅಡಾಪ್ಟರ್ ಪ್ಲೇಟ್ ಸಿಗುತ್ತದೆ, ಹಳೆಯ ಎಂಜಿನ್ ಮೌಂಟ್ ಮೇಲೇ ಕೂರುತ್ತದೆ. ತೊಡಕು ಬರುವುದು ಆಯಿಲ್ ಚೇಂಬರ್‌ನಲ್ಲಿ. ಟ್ರಕ್ಕಿನ ಚೇಂಬರ್ ತುಂಬಾ ಆಳ, ಕ್ರಾಸ್‌ಮೆಂಬರ್‌ಗಿಂತ ಕೆಳಗೆ ಜೋತುಬೀಳುತ್ತದೆ. 1998–2002ರ ಕಮಾರೊ ಚೇಂಬರ್ ಅಥವಾ ಸ್ವಾಪ್‌ಗೆಂದೇ ಮಾಡಿದ ಚೇಂಬರ್ ಹಾಕಿ, ಜೊತೆಗೆ ಅದರದೇ ಆಯಿಲ್ ಪಿಕಪ್ ಪೈಪ್ ಮತ್ತು ವಿಂಡೇಜ್ ಟ್ರೇ ಹಾಕಬೇಕು. ಪೈಪಿನ ಓ-ರಿಂಗ್ ಹೊಸದೇ ಇರಲಿ. ಅದು ಕೂರಿಸುವಾಗ ಸೀಳಿದರೆ ಪಂಪ್ ಎಣ್ಣೆಯ ಜೊತೆ ಗಾಳಿ ಎಳೆಯುತ್ತದೆ, ಪ್ರೆಶರ್ ಬೀಳುತ್ತದೆ, ತಪ್ಪನ್ನು ಬೇರಿಂಗ್ ಮೇಲೆ ಹೊರಿಸಿ ಎಂಜಿನ್ ಬಿಚ್ಚುವಂತಾಗುತ್ತದೆ. ಎಸಿ ಕಂಪ್ರೆಸರ್ ಮೂಲ ಜಾಗದಲ್ಲಿ ಫ್ರೇಮ್‌ಗೆ ತಾಗುತ್ತದೆ, ಮೇಲೆ ಕೂರಿಸುವ ಬ್ರಾಕೆಟ್ ಬೇಕು.

ಹಳೆಯ 3 ಸ್ಪೀಡ್ ಆಟೊಮ್ಯಾಟಿಕ್ ಟಿಎಚ್350 ಗೇರ್‌ಬಾಕ್ಸ್ ಉಳಿಸಿಕೊಳ್ಳುವುದಾದರೆ ಇಲ್ಲಿ ಸ್ವಲ್ಪ ನಿಧಾನಿಸಿ. ಎಲ್‌ಎಸ್ (ಎಲ್‌ಎಂ7 ಸೇರಿದ ಜಿಎಂ ಎಂಜಿನ್ ಕುಟುಂಬ) ಕ್ರ್ಯಾಂಕ್ ಫ್ಲ್ಯಾಂಜ್ ಹಳೆಯ 350ಯದಕ್ಕಿಂತ 0.4 ಇಂಚು, ಅಂದರೆ ಸುಮಾರು 10 ಮಿಮೀ ಒಳಗಿರುತ್ತದೆ. ನಡುವೆ ಸ್ಪೇಸರ್ ಮತ್ತು ಚಪ್ಪಟೆ ಫ್ಲೆಕ್ಸ್‌ಪ್ಲೇಟ್ ಹಾಕದಿದ್ದರೆ ಟಾರ್ಕ್ ಕನ್ವರ್ಟರ್ (ಎಂಜಿನ್ ತಿರುಗುವಿಕೆಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಮೂತಿ ಕ್ರ್ಯಾಂಕಿನ ಒಳಗೆ ಕೂರುವುದಿಲ್ಲ. ಗೇರ್‌ಬಾಕ್ಸ್ ಬೋಲ್ಟ್ ಬಿಗಿದ ಮೇಲೆ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟ್‌ಗೆ ತಾಗಲು ಮುಂದಕ್ಕೆ 3ರಿಂದ 5 ಮಿಮೀ ಎಳೆಯುವಂತಿರಬೇಕು. ಅಂತರವೇ ಇಲ್ಲದಿದ್ದರೆ ಕನ್ವರ್ಟರ್ ಪಂಪ್ ಗೇರನ್ನು ಒತ್ತಿ ಮೊದಲ ಸ್ಟಾರ್ಟ್‌ನಲ್ಲೇ ಒಡೆಯುತ್ತದೆ. ಅಂತರ ಜಾಸ್ತಿಯಾದರೆ ಎಳೆದು ಬಿಗಿದಾಗ ಕನ್ವರ್ಟರ್ ಪಂಪಿನ ಹಲ್ಲಿನಿಂದ ಹೊರಗೆ ಜಾರಿ ಅರೆಬರೆ ಹಿಡಿದಿರುತ್ತದೆ. ಆಗ ಒಂದೇ ದಪ್ಪದ ವಾಷರ್‌ಗಳಿಂದ ಸರಿಮಾಡಿ. ಓವರ್‌ಡ್ರೈವ್ ಇರುವ 4 ಸ್ಪೀಡ್ ಆಟೊಮ್ಯಾಟಿಕ್ 4ಎಲ್60ಇ ಹಾಕಿದರೆ ಈ ತಲೆನೋವಿಲ್ಲ, ಬದಲಿಗೆ ಕ್ರಾಸ್‌ಮೆಂಬರ್ ಹಿಂದೆ ಸರಿಸಿ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕು. ಹಾಗಿದ್ದೂ ನಮ್ಮ ಆಯ್ಕೆ ಅದೇ. 29 ಇಂಚಿನ ಟಯರ್, 3.73 ಅನುಪಾತದ ಕ್ರೌನ್ (ಹಿಂದಿನ ಆಕ್ಸಲ್ ಗೇರ್) ಇದ್ದಾಗ ಗಂಟೆಗೆ 100 ಕಿಮೀಗೆ ಟಿಎಚ್350ಯಲ್ಲಿ ಎಂಜಿನ್ 2,700 ಆರ್‌ಪಿಎಂ ಹತ್ತಿರ ತಿರುಗಿದರೆ, 0.70 ಓವರ್‌ಡ್ರೈವ್‌ನಲ್ಲಿ 1,900 ಸಾಕು. ಎಲ್‌ಎಂ7ನ ಇಸಿಎಂ 4ಎಲ್60ಇಯನ್ನು ತಾನೇ ನಿಭಾಯಿಸುತ್ತದೆ, ಬೇರೆ ಪೆಟ್ಟಿಗೆ ಬೇಡ.

ಕಾರ್ಬ್ಯುರೇಟರ್ ಪಂಪ್ ಕೊಡುವ ಪೆಟ್ರೋಲ್ ಒತ್ತಡ 5ರಿಂದ 7 ಪಿಎಸ್‌ಐ, ಎಲ್‌ಎಂ7ಗೆ ಬೇಕಾದದ್ದು 58. 1999–2003ರ ಕಾರ್ವೆಟ್ ಫಿಲ್ಟರ್‌ನೊಳಗೇ 58ರ ರೆಗ್ಯುಲೇಟರ್ ಇದೆ. ಅದನ್ನು ಟ್ಯಾಂಕ್ ಪಕ್ಕದಲ್ಲೇ ಕಟ್ಟಿದರೆ ಎಂಜಿನ್‌ವರೆಗೆ ಒಂದೇ ಲೈನ್ ಸಾಕು, ರಿಟರ್ನ್ ಮೊಳದುದ್ದದಲ್ಲೇ ಮುಗಿಯುತ್ತದೆ. ಹೋಸ್ ಮಾತ್ರ ಇಂಜೆಕ್ಷನ್ ದರ್ಜೆಯದೇ ಇರಲಿ, ಕಾರ್ಬ್ಯುರೇಟರ್ ಹೋಸ್ ಈ ಒತ್ತಡಕ್ಕೆ ಒಡೆದು ಬೆಂಕಿಗೆ ದಾರಿ. ಹೊರಗೆ ಕಟ್ಟುವ ಪಂಪ್ ಅಗ್ಗ, ಆದರೆ ಹಳೆಯ ಟ್ಯಾಂಕಿನೊಳಗೆ ತಡೆಗೋಡೆ ಇಲ್ಲ. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಇಳಿದಾಗ ತಿರುವಿನಲ್ಲಿ ಅದು ಒಂದು ಬದಿಗೆ ಓಡಿ, ಪಂಪ್ ಗಾಳಿ ಕುಡಿದು ಎಂಜಿನ್ ಮುಗ್ಗರಿಸುತ್ತದೆ. ತಡೆಗೋಡೆಯಿರುವ ಇಂಜೆಕ್ಷನ್ ಟ್ಯಾಂಕ್ ಹಾಕಿ, ಒಳಗೆ 58 ಕೊಡಬಲ್ಲ ಪಂಪ್ ಕೂರಿಸುವುದೇ ಸರಿ.

ವೈರಿಂಗ್ ಹೆದರುವಷ್ಟಿಲ್ಲ: ಬ್ಯಾಟರಿಯಿಂದ ನೇರ 12 ವೋಲ್ಟ್, ಇಗ್ನಿಷನ್‌ನಿಂದ 12 ವೋಲ್ಟ್, ಪಂಪ್ ಮತ್ತು ಫ್ಯಾನ್ ರಿಲೇ, ಅರ್ತ್. ಇಗ್ನಿಷನ್ ತಂತಿ ಕ್ರ್ಯಾಂಕ್ ಮಾಡುವಾಗಲೂ ಜೀವಂತವಾಗಿರಬೇಕು. ಹಳೆಯ ಸ್ವಿಚ್ಚಿನ ಆಕ್ಸೆಸರಿ ತಂತಿಗೆ ಜೋಡಿಸಿದರೆ ಕೀ ತಿರುಗಿಸಿದಾಗ ಇಸಿಎಂ ಸಾಯುತ್ತದೆ. ಹಾರ್ನೆಸ್ಸಿನ ಅರ್ತ್ ಹೆಡ್‌ಗಳ ಹಿಂಬದಿಗೆ ಹೋಗಲಿ, ಬಣ್ಣ ಕೆರೆದು. ಬ್ಲಾಕ್‌ನಿಂದ ಫ್ರೇಮ್‌ಗೆ, ಕ್ಯಾಬ್‌ಗೆ ಬೇರೆ ಪಟ್ಟಿ ಕಟ್ಟಿ. ಸೆನ್ಸರ್ ಕೆಟ್ಟಿದೆ ಎಂದು ಬದಲಿಸಿದ ಎಷ್ಟೋ ಕಡೆ ಕೆಟ್ಟದ್ದು ಅರ್ತ್. ಕಳ್ಳತನ ತಡೆಯುವ ವ್ಯಾಟ್ಸ್ ಅನ್ನು ಇಸಿಎಂನಲ್ಲಿ ತೆಗೆಸದಿದ್ದರೆ ಎಂಜಿನ್ ಹೊತ್ತಿದ ಕೂಡಲೇ ನಿಲ್ಲುತ್ತದೆ. ಹೆಡ್‌ನಿಂದ ಬರುವ ಸ್ಟೀಮ್ ಪೈಪನ್ನು ಮುಚ್ಚಬೇಡಿ, ರೇಡಿಯೇಟರ್ ಮೇಲ್ಭಾಗಕ್ಕೆ ಜೋಡಿಸಿ. ಮುಚ್ಚಿದರೆ ಹೆಡ್‌ನಲ್ಲಿ ಹಬೆ ನಿಂತು ಮೀಟರ್ ತೋರಿಸದ ಕಡೆ ಬಿಸಿಯೇರುತ್ತದೆ.

ಎಲ್83 ಓಡಿಸಲು ಮೂರರಲ್ಲಿ ಅತ್ಯಂತ ಖುಷಿ ಕೊಡುವ ಎಂಜಿನ್, ಅದನ್ನು ಒಪ್ಪಲೇಬೇಕು. ಅದೇ 5.3 ಲೀಟರ್, ಆದರೆ 2014ರ ನಂತರದ ಅಲ್ಯೂಮಿನಿಯಂ ಬ್ಲಾಕ್, ನೇರ ಇಂಜೆಕ್ಷನ್, 11:1 ಕಂಪ್ರೆಷನ್, 355 ಎಚ್‌ಪಿ. ಕಡಿಮೆ ಆರ್‌ಪಿಎಂನಲ್ಲೇ ಗಾಡಿ ಮುನ್ನುಗ್ಗುತ್ತದೆ. ಆದರೆ ಎಲ್‌ಎಸ್ ಸಾಮಾನು ಇದಕ್ಕೆ ಬರುವುದಿಲ್ಲ: ಮೌಂಟ್ ಪ್ಲೇಟ್, ಚೇಂಬರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಲ್ಲವೂ ಬೇರೆ. ಕ್ಯಾಮ್‌ನಿಂದ ತಿರುಗುವ ಹೈ-ಪ್ರೆಶರ್ ಪಂಪ್ 2,000 ಪಿಎಸ್‌ಐ ದಾಟುತ್ತದೆ, ಅದಕ್ಕೆ ಟ್ಯಾಂಕ್ ಕಡೆಯಿಂದ ಸುಮಾರು 72 ಪಿಎಸ್‌ಐ ಬೇಕು. ಕಾರ್ವೆಟ್ ಫಿಲ್ಟರಿನ 58 ಇಲ್ಲಿ ಸಾಲದು. ಇದನ್ನು ಬಿಡಿಬಿಡಿಯಾಗಿ ಕೊಳ್ಳಬೇಡಿ. ಅಪಘಾತದ ಗಾಡಿಯೊಂದರಿಂದ ಎಂಜಿನ್, 6 ಸ್ಪೀಡ್ ಗೇರ್‌ಬಾಕ್ಸ್, ಇಸಿಎಂ, ಆಕ್ಸಿಲರೇಟರ್ ಪೆಡಲ್, ಪೆಟ್ರೋಲ್ ಪಂಪ್ ಕಂಟ್ರೋಲರ್ ಎಲ್ಲವನ್ನೂ ಒಟ್ಟಿಗೇ ತಂದರೆ ಮಾತ್ರ ಲೆಕ್ಕ ಕೂಡುತ್ತದೆ. ಸಿಲಿಂಡರ್ ಆಫ್ ಆಗುವ ಲಿಫ್ಟರ್ ಇದರಲ್ಲೂ ಇವೆ. ನೇರ ಇಂಜೆಕ್ಷನ್‌ನಿಂದ ಇಂಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಹರಿಯದ ಕಾರಣ ಅಲ್ಲಿ ಕಾರ್ಬನ್ ಕಟ್ಟುತ್ತದೆ, ಕ್ರ್ಯಾಂಕ್‌ಕೇಸ್ ಲೈನಿಗೆ ಎಣ್ಣೆ ಆವಿ ಹಿಡಿದಿಡುವ ಕ್ಯಾಚ್ ಕ್ಯಾನ್ ಹಾಕುವುದು ಒಳ್ಳೆಯದು.

ಕಮಿನ್ಸ್ ಆರ್2.8 ಸ್ವಾಪ್‌ಗೆಂದೇ ತಯಾರಾದ ನಾಲ್ಕು ಸಿಲಿಂಡರ್ ಡೀಸೆಲ್. 161 ಎಚ್‌ಪಿ ಎಂದರೆ ಹಳೆಯ ವಿ8ರಷ್ಟೇ, ಟಾರ್ಕ್ ಮಾತ್ರ 420 ನ್ಯೂಟನ್ ಮೀಟರ್. ಇಸಿಎಂ, ಹಾರ್ನೆಸ್, ಪೆಡಲ್ ಎಂಜಿನ್ ಜೊತೆಯಲ್ಲೇ ಬರುವುದರಿಂದ ವೈರಿಂಗ್ ಕೆಲಸ ಮೂರರಲ್ಲಿ ಇದಕ್ಕೇ ಕಡಿಮೆ. ಕಬ್ಬಿಣದ ಕೆಲಸ ಜಾಸ್ತಿ: ಮೌಂಟ್ ವೆಲ್ಡ್ ಮಾಡಬೇಕು, ಗೇರ್‌ಬಾಕ್ಸ್‌ಗೆ ಅಡಾಪ್ಟರ್, ಮುಂದೆ ಇಂಟರ್‌ಕೂಲರ್, ಟ್ಯಾಂಕಿಗೆ ರಿಟರ್ನ್ ಲೈನ್. ಪೆಟ್ರೋಲ್ ಎಂಜಿನ್ನಿನಂತೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಸಿಗದು, ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಎಲ್ಲಿಂದ ಎಂಬುದನ್ನು ಮೊದಲೇ ತೀರ್ಮಾನಿಸಿ. 3.73 ಕ್ರೌನ್‌ಗೆ ಓವರ್‌ಡ್ರೈವ್ ಇಲ್ಲದಿದ್ದರೆ ಹೆದ್ದಾರಿಯಲ್ಲಿ ಕಿವಿಗೆ ಹಿಂಸೆ. ಭಾರ ಹೊತ್ತು ನಿಧಾನಕ್ಕೆ ಓಡುವ ಗಾಡಿಗೆ ಇದು ಸೈ, ಖಾಲಿ ಓಡುವ ಗಾಡಿಗೆ ಬೇಡ.

ದಿನಾ ಬಳಸುವ ಸಿ10ಗೆ ನಾವು ಹೇಳುವುದು ಎಲ್‌ಎಂ7 ಮತ್ತು 4ಎಲ್60ಇ. ಕ್ಯಾಲಿಫೋರ್ನಿಯಾದಂಥ ಕಡೆ ಹೊಗೆ ತಪಾಸಣೆಗೆ ಒಳಪಡುವ ಗಾಡಿಯಾದರೆ ಎಂಜಿನ್ ಗಾಡಿಯ ವರ್ಷದ್ದೋ ನಂತರದ್ದೋ ಆಗಿರಬೇಕು, ಅದರ ಹೊಗೆ ನಿಯಂತ್ರಣ ಸಾಮಾನೆಲ್ಲ ಜೊತೆಯಲ್ಲೇ ಇರಬೇಕು. ಆದ್ದರಿಂದ ಎಂಜಿನ್ ಕೊಳ್ಳುವಾಗಲೇ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್ ಬಿಡದೆ ಕೇಳಿ ತನ್ನಿ.